ಹೊಸ ಬ್ಯಾಂಡ್‌ಸಾ ಕೂರಿಸಿ ಹದಗೊಳಿಸುವ ಕ್ರಮ

ಹೊಸ ಬ್ಯಾಂಡ್‌ಸಾ, ಅಂದರೆ ಮೇಲೊಂದು ಕೆಳಗೊಂದು ಚಕ್ರದ ಮೇಲೆ ಬಳೆಯಂತೆ ಬೆಸೆದ ಉದ್ದನೆಯ ಹಲ್ಲಿನ ಬ್ಲೇಡು ಓಡುವ ಗರಗಸದ ಯಂತ್ರ, ತಂದವರು ಮೊದಲ ತಿಂಗಳಲ್ಲಿ ಹೇಳುವ ದೂರುಗಳು ಶಿರಸಿಯಲ್ಲಾದರೂ ಕಾರವಾರದಲ್ಲಾದರೂ ಒಂದೇ ಬಗೆಯವು. ಗೆರೆ ಹಿಡಿದು ತಳ್ಳಿದರೂ ಬ್ಲೇಡು ಪಕ್ಕಕ್ಕೆ ಎಳೆಯುತ್ತದೆ. ಹಲಸಿನ ತುಂಡನ್ನು ನಿಲ್ಲಿಸಿ ಸೀಳಿದರೆ ಹಲಗೆಯ ನಡುವೆ ಹೊಟ್ಟೆ ಬರುತ್ತದೆ. ಬ್ಲೇಡು ಎರಡೇ ದಿನಕ್ಕೆ ಮೊಂಡಾಗುತ್ತದೆ, ಇಲ್ಲವೇ ತುಂಡಾಗುತ್ತದೆ. ಈ ದೂರುಗಳಲ್ಲಿ ಬಹುಪಾಲು ಹುಟ್ಟುವುದು ಯಂತ್ರದ ದೋಷದಿಂದಲ್ಲ, ಅದನ್ನು ಹೊಂದಿಸಿದ ಕ್ರಮದಿಂದ. ಬ್ಯಾಂಡ್‌ಸಾದಲ್ಲಿ ಪ್ರತಿಯೊಂದು ಹೊಂದಾಣಿಕೆಯೂ ತನ್ನ ಹಿಂದಿನದನ್ನು ನೆಚ್ಚಿಕೊಂಡಿರುತ್ತದೆ: ಬ್ಲೇಡಿನ ಬಿಗಿತ ಸರಿಯಾಗದೆ ಚಕ್ರದ ಮೇಲೆ ಅದರ ಓಟ ಸರಿಯಾಗದು, ಓಟ ಸರಿಯಾಗದೆ ಬ್ಲೇಡಿಗೆ ಆಸರೆ ಕೊಡುವ ಗೈಡುಗಳನ್ನು ಕೂರಿಸಿ ಪ್ರಯೋಜನವಿಲ್ಲ, ಗೈಡು ಕೂರದೆ ಫೆನ್ಸನ್ನು, ಅಂದರೆ ಮರವನ್ನು ಒರಗಿಸಿ ತಳ್ಳುವ ನೇರ ಪಟ್ಟಿಯನ್ನು, ಅಳೆಯುವುದರಲ್ಲಿ ಅರ್ಥವಿಲ್ಲ. ನನ್ನ ಮೊದಲ ಯಂತ್ರದಲ್ಲಿ ನಾನು ಗೈಡುಗಳನ್ನು ಮೊದಲು ಬಿಗಿದು ಆಮೇಲೆ ಬ್ಲೇಡನ್ನು ಎಳೆದು ನಿಲ್ಲಿಸಿದ್ದೆ. ಹಲ್ಲುಗಳು ಗೈಡಿಗೆ ತಾಗಿ, ಅವು ಎಡಬಲಕ್ಕೆ ಬಾಗಿರುವ ‘ಸೆಟ್’ ಒಂದು ಬದಿಯಲ್ಲಿ ಅರ್ಧ ನಿಮಿಷದೊಳಗೆ ಸವೆದುಹೋಯಿತು. ಹೊಸ ಯಂತ್ರಕ್ಕೆ ಅರ್ಧ ದಿನ ಮೀಸಲಿಟ್ಟು ಕ್ರಮ ತಪ್ಪದೆ ಹೊಂದಿಸಿದರೆ, ಆ ಅರ್ಧ ದಿನ ಮುಂದೆ ಹತ್ತಾರು ಬ್ಲೇಡುಗಳನ್ನು ಉಳಿಸುತ್ತದೆ.

ಇಲ್ಲಿ ಹೇಳುತ್ತಿರುವುದು 14 ಇಂಚಿನ, ಅಂದರೆ ಸುಮಾರು 355 ಮಿಲಿಮೀಟರ್ ವ್ಯಾಸದ ಚಕ್ರಗಳಿರುವ, ಒಂದು ಅಥವಾ ಒಂದೂವರೆ ಅಶ್ವಶಕ್ತಿಯ ಮೋಟಾರಿನ ಯಂತ್ರವನ್ನು ಕುರಿತು. ಮನೆಯ ಪಕ್ಕದ ಶೆಡ್ಡಿನಲ್ಲಿ ಕೆಲಸ ಮಾಡುವ ಆಚಾರಿಗಳಿಗೂ ಹವ್ಯಾಸಿಗಳಿಗೂ ಈ ಅಳತೆ ಸಾಕಾಗುತ್ತದೆ. ಇದಕ್ಕಿಂತ ಚಿಕ್ಕ ಅಥವಾ ದೊಡ್ಡ ಯಂತ್ರಗಳಿಗೂ ಕ್ರಮ ಇದೇ.

ಜಾಗ, ವಿದ್ಯುತ್ತು, ಅನುಮತಿ

ಉತ್ತರ ಕನ್ನಡ ಅರಣ್ಯ ಜಿಲ್ಲೆ. ಇಲ್ಲಿ ಗರಗಸದ ಯಂತ್ರವನ್ನು ಕೂರಿಸುವ ಮುನ್ನ, ಅದು ಎಷ್ಟೇ ಚಿಕ್ಕದಿರಲಿ, ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋಗಿ ಯಂತ್ರದ ಅಳತೆ ಮತ್ತು ಉದ್ದೇಶವನ್ನು ತಿಳಿಸಿ, ಅದಕ್ಕೆ ಪರವಾನಗಿ ಬೇಕೇ ಎಂದು ವಿಚಾರಿಸಿಕೊಳ್ಳಬೇಕು. ಸ್ವಂತ ಜಮೀನಿನಲ್ಲಿ ಬೆಳೆದದ್ದೇ ಆದರೂ ಸಾಗವಾನಿ, ಬೀಟೆಯಂಥ ಮರಗಳ ಕಡಿತಕ್ಕೂ ಸಾಗಣೆಗೂ ಅನುಮತಿ ಅಗತ್ಯ. ನಾಟಾ ತಂದ ರಸೀದಿಯನ್ನು ಶೆಡ್ಡಿನಲ್ಲೇ ಇಟ್ಟುಕೊಳ್ಳುವ ಅಭ್ಯಾಸ ಒಳ್ಳೆಯದು.

ಯಂತ್ರವನ್ನು ಗಟ್ಟಿಯಾದ ಸಿಮೆಂಟ್ ನೆಲದ ಮೇಲೆ, ಗೋಡೆಯಿಂದ ದೂರವಾಗಿ ನಿಲ್ಲಿಸಿ. ಉದ್ದನೆಯ ಹಲಗೆ ಮುಂದಿನಿಂದ ಬಂದು ಹಿಂದಕ್ಕೆ ಹೋಗುವ ದಾರಿ ಎರಡೂ ಕಡೆ ತೆರೆದಿರಬೇಕು. ನಾಲ್ಕೂ ಕಾಲುಗಳು ನೆಲಕ್ಕೆ ಸಮನಾಗಿ ಊರಿವೆಯೇ ಎಂದು ರಸಮಟ್ಟವಿಟ್ಟು ನೋಡಿ, ಅಲುಗಾಡುವ ಕಾಲಿನಡಿ ತಗಡಿನ ತುಂಡು ಕೊಟ್ಟು ಬೋಲ್ಟಿನಿಂದ ಬಂಧಿಸಿ. ತುಕ್ಕು ಹಿಡಿಯದಂತೆ ಕಾರ್ಖಾನೆಯಲ್ಲಿ ಮೇಜಿಗೆ ಬಳಿದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ತೆಗೆದ ಕೂಡಲೇ, ಅದೇ ದಿನ, ತೆಳುವಾಗಿ ಮೇಣ ಹಚ್ಚಿ ಉಜ್ಜಿ. ಕರಾವಳಿಯ ಉಪ್ಪುಗಾಳಿಯಲ್ಲಿ ಬರಿಮೈಯಾದ ಎರಕದ ಕಬ್ಬಿಣ ಒಂದು ರಾತ್ರಿಯಲ್ಲೇ ಕೆಂಪಾಗುತ್ತದೆ.

ವಿದ್ಯುತ್ತಿನ ವಿಷಯವನ್ನು ನಮ್ಮ ಕಡೆ ಹೆಚ್ಚಿನವರು ಲಘುವಾಗಿ ಕಾಣುತ್ತಾರೆ. ಯಂತ್ರಕ್ಕೆ ಪ್ರತ್ಯೇಕವಾದ 16 ಆಂಪಿಯರ್ ಪ್ಲಗ್ ಪಾಯಿಂಟ್, 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಮತ್ತು ನಂಬಬಹುದಾದ ಅರ್ಥಿಂಗ್ ಇರಲೇಬೇಕು. ಹಳ್ಳಿಯ ಲೈನಿನ ಕೊನೆಯಲ್ಲಿರುವ ಮನೆಗಳಲ್ಲಿ ಸಂಜೆ ಹೊತ್ತು ವೋಲ್ಟೇಜು 180ಕ್ಕೆ ಇಳಿಯುವುದುಂಟು. ಇಂಡಕ್ಷನ್ ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, 230ರಿಂದ 180ಕ್ಕೆ ಇಳಿದಾಗ ಆ ಬಲ ಸುಮಾರು 40 ಪ್ರತಿಶತ ಕುಗ್ಗುತ್ತದೆ. ಅಂಥ ವೇಳೆ ದಪ್ಪ ಮರವನ್ನು ಸೀಳಲು ಹೋದರೆ ಮೋಟಾರು ಸುಟ್ಟುಹೋಗುವ ಸಂಭವವಿದೆ. ದಪ್ಪ ಸೀಳುಗಳನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳುವುದೇ ಲೇಸು. ಮಳೆಗಾಲದಲ್ಲಿ ಕರೆಂಟು ಗಳಿಗೆಗೊಮ್ಮೆ ಹೋಗಿ ಬರುವ ಊರುಗಳಲ್ಲಿ, ವಿದ್ಯುತ್ ಕಡಿತವಾದ ಕೂಡಲೇ ತಾನಾಗಿ ಆಫ್ ಆಗಿ, ಮತ್ತೆ ಒತ್ತುವವರೆಗೂ ಚಾಲೂ ಆಗದ ಸ್ವಿಚ್ಚು ಅತ್ಯಗತ್ಯ. ನಿಮ್ಮ ಯಂತ್ರದಲ್ಲಿ ಅದಿಲ್ಲದಿದ್ದರೆ ಬೇರೆ ಯಾವ ಉಪಕರಣ ಕೊಳ್ಳುವ ಮೊದಲೂ ಅದನ್ನು ಹಾಕಿಸಿ. ಬ್ಲೇಡಿನ ಮೇಲೆ ಕೈಯಿಟ್ಟಿರುವಾಗ ಕರೆಂಟು ಬರುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಬ್ಲೇಡಿನ ಆಯ್ಕೆ

ಯಂತ್ರದ ಜೊತೆ ಬರುವ ಬ್ಲೇಡನ್ನು ಬಿಗಿತ ಮತ್ತು ಓಟವನ್ನು ಕಲಿಯಲು ಬಳಸಿ. ಅದರಿಂದ ಯಂತ್ರದ ಯೋಗ್ಯತೆಯನ್ನು ಅಳೆಯಬೇಡಿ. ಒಳ್ಳೆಯ ಬ್ಲೇಡು ಹಾಕಿದ ಸಾಧಾರಣ ಯಂತ್ರ, ಕಳಪೆ ಬ್ಲೇಡು ಹಾಕಿದ ದುಬಾರಿ ಯಂತ್ರಕ್ಕಿಂತ ಚೆನ್ನಾಗಿ ಕೊಯ್ಯುತ್ತದೆ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಉದ್ದವನ್ನು ನೀವೇ ಲೆಕ್ಕ ಹಾಕಬಹುದು. ಮೇಲಿನ ಚಕ್ರವನ್ನು ಅದು ಏರಿಳಿಯುವ ಅಂತರದ ಮಧ್ಯದಲ್ಲಿ ನಿಲ್ಲಿಸಿ, ಎರಡು ಚಕ್ರಗಳ ನಡುಬಿಂದುಗಳ ದೂರವನ್ನು ಅಳೆದು ಇಮ್ಮಡಿಸಿ, ಅದಕ್ಕೆ ಒಂದು ಚಕ್ರದ ಪೂರ್ಣ ಸುತ್ತಳತೆಯನ್ನು ಕೂಡಿಸಿದರೆ ಬ್ಲೇಡಿನ ಉದ್ದ ಸಿಗುತ್ತದೆ. ನಡುದೂರ 630 ಮಿಲಿಮೀಟರ್ ಇದ್ದರೆ ಅದರ ಇಮ್ಮಡಿ 1,260. 355 ಮಿಲಿಮೀಟರ್ ಚಕ್ರದ ಸುತ್ತಳತೆ 1,115. ಒಟ್ಟು 2,375 ಮಿಲಿಮೀಟರ್. ಈ ಅಳತೆಯನ್ನೇ ಅಂಗಡಿಯವರು 93 ಅಥವಾ 93½ ಇಂಚು ಎನ್ನುತ್ತಾರೆ.

ಹಲ್ಲುಗಳ ಸಂಖ್ಯೆಯನ್ನು ಮರದ ದಪ್ಪ ನಿರ್ಧರಿಸುತ್ತದೆ. ಯಾವ ಕ್ಷಣದಲ್ಲೂ ಕನಿಷ್ಠ ಮೂರು ಹಲ್ಲುಗಳು ಮರದೊಳಗಿರಬೇಕು. ಆರರಿಂದ ಹನ್ನೆರಡು ಇದ್ದರೆ ಕೊಯ್ತ ಹಿತವಾಗಿರುತ್ತದೆ. ಹಲ್ಲುಗಳು ಅತಿಯಾದರೆ ಅವುಗಳ ನಡುವಿನ ಕುಳಿಯಲ್ಲಿ ಹುಡಿ ತುಂಬಿ, ಹೊರಗೆ ಬೀಳಲು ಎಡೆಯಿಲ್ಲದೆ ಬ್ಲೇಡು ಕಾಯುತ್ತದೆ, ಪಕ್ಕಕ್ಕೆ ವಾಲುತ್ತದೆ. ಆದ್ದರಿಂದ 100–150 ಮಿಲಿಮೀಟರ್ ಎತ್ತರದ ಹಲಸನ್ನೋ ಅಕೇಶಿಯಾವನ್ನೋ ಸೀಳಲು ಇಂಚಿಗೆ ಮೂರು ಹಲ್ಲಿರುವ, ಅರ್ಧ ಅಥವಾ ಮುಕ್ಕಾಲು ಇಂಚು ಅಗಲದ ಕೊಕ್ಕೆಹಲ್ಲಿನ ಬ್ಲೇಡು ಬೇಕು. 20ರಿಂದ 50 ಮಿಲಿಮೀಟರ್ ದಪ್ಪದ ಸಾಮಾನ್ಯ ಕೆಲಸಕ್ಕೆ ಇಂಚಿಗೆ ಆರು ಹಲ್ಲಿನದು ಸಾಕು. ತೆಳು ಪ್ಲೈವುಡ್ಡಿಗೆ ಹತ್ತರಿಂದ ಹದಿನಾಲ್ಕು. ಅಗಲ ತೀರ್ಮಾನವಾಗುವುದು ತಿರುವಿನಿಂದ. ಕಾಲು ಇಂಚಿನ ಬ್ಲೇಡು ಸುಮಾರು 16 ಮಿಲಿಮೀಟರ್ ತ್ರಿಜ್ಯದ ತಿರುವನ್ನು ಕೊಯ್ದರೆ, ಅರ್ಧ ಇಂಚಿನದಕ್ಕೆ ಕನಿಷ್ಠ 64 ಮಿಲಿಮೀಟರ್ ಬೇಕು, ಮುಕ್ಕಾಲು ಇಂಚಿನದಕ್ಕೆ 140. ಚಿಕ್ಕ ಯಂತ್ರಗಳಿಗೆ ಮುಕ್ಕಾಲು ಇಂಚಿನ ಬ್ಲೇಡನ್ನು ಪೂರ್ತಿ ಬಿಗಿಯುವ ತ್ರಾಣ ಇರುವುದಿಲ್ಲ. ಅರ್ಧ ಬಿಗಿದ ಅಗಲ ಬ್ಲೇಡಿಗಿಂತ ಪೂರ್ತಿ ಬಿಗಿದ ಅರ್ಧ ಇಂಚಿನದೇ ನೇರವಾಗಿ ಕೊಯ್ಯುತ್ತದೆ.

ಸಾಗವಾನಿಯ ಮೈಯಲ್ಲಿ ಸಿಲಿಕಾ ಇರುವುದರಿಂದ ಅದು ಮೃದುವೆನಿಸಿದರೂ ಹಲ್ಲನ್ನು ಬೇಗ ಮೊಂಡಾಗಿಸುತ್ತದೆ. ತೆಂಗಿನ ಮರದ ಹೊರಸುತ್ತಿನ ಗಡಸು ಭಾಗವೂ ಹಾಗೆಯೇ. ಇವೆರಡನ್ನು ಹೆಚ್ಚಾಗಿ ಕೊಯ್ಯುವವರು ಕಾರ್ಬನ್ ಉಕ್ಕಿನ ಬ್ಲೇಡಿನ ಬದಲು, ಹಲ್ಲಿಗೆ ಗಡಸು ಉಕ್ಕನ್ನೂ ಬೆನ್ನಿಗೆ ಬಳುಕುವ ಉಕ್ಕನ್ನೂ ಬೆಸೆದ ಬೈಮೆಟಲ್ ಬ್ಲೇಡಿಗೆ ಹಣ ಹಾಕಿದರೆ ನಷ್ಟವಾಗದು.

ಬ್ಲೇಡು ಏರಿಸುವುದು, ಬಿಗಿಯುವುದು, ಓಡಿಸುವುದು

ಇಡೀ ಕೆಲಸದ ಹೃದಯ ಇದೇ. ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕಣ್ಣಿಗೆ ಕಾಣುವಲ್ಲಿ ಇಟ್ಟುಕೊಂಡು ಶುರು ಮಾಡಿ. ಸುರುಳಿ ಸುತ್ತಿದ ಹೊಸ ಬ್ಲೇಡು ಬಿಚ್ಚಿದಾಗ ಚಿಮ್ಮುತ್ತದೆ. ಈ ಒಂದು ಕೆಲಸಕ್ಕೆ ಮಾತ್ರ ಚರ್ಮದ ಗ್ಲೌಸ್ ಹಾಕಿ, ಮುಖವನ್ನು ಆಚೆ ತಿರುಗಿಸಿ, ಅಂಗಳದಲ್ಲಿ ನಿಂತು ಬಿಚ್ಚಿ. ಯಂತ್ರ ಓಡುವಾಗ ಗ್ಲೌಸ್ ಹಾಕಲೇಬಾರದು.

ಬ್ಲೇಡು ಏರಿಸುವ ಮೊದಲು ಮೇಜಿನ ಮೇಲಿನ ಮತ್ತು ಕೆಳಗಿನ ಗೈಡುಗಳನ್ನೂ, ಬ್ಲೇಡು ಹಿಂದಕ್ಕೆ ಸರಿಯದಂತೆ ತಡೆಯುವ ಹಿಂಬದಿಯ ಒತ್ತು-ಬೇರಿಂಗುಗಳನ್ನೂ ಸಡಿಲಿಸಿ ಪೂರ್ತಿ ದೂರ ಸರಿಸಿ. ಬ್ಲೇಡಿಗೆ ಯಾವುದೂ ತಾಗದಂತಿರಬೇಕು. ಮೇಜಿನ ಸೀಳಿನ ಮೂಲಕ ಬ್ಲೇಡನ್ನು ಒಳತಂದು ಎರಡೂ ಚಕ್ರಗಳ ಮೇಲೆ ಕೂರಿಸಿದಾಗ ಹಲ್ಲಿನ ತುದಿಗಳು ನಿಮ್ಮತ್ತ ಮತ್ತು ಮೇಜಿನತ್ತ ಕೆಳಮುಖವಾಗಿರಬೇಕು. ಮೇಲ್ಮುಖವಾಗಿದ್ದರೆ ಬ್ಲೇಡನ್ನು ಕೈಯಲ್ಲೇ ಒಳಹೊರಗು ಮಾಡಿ ಮಗುಚಿ. ತಿರುಗಿಸಿ ಹಾಕಿದರೆ ಅದು ಸರಿಹೋಗುವುದಿಲ್ಲ.

ಬಿಗಿತದ ಹಿಡಿಯನ್ನು ನಿಧಾನವಾಗಿ ತಿರುಗಿಸಿ ಸಡಿಲ ಹೋದ ಮೇಲೆ, ಮೇಲಿನ ಚಕ್ರವನ್ನು ಕೈಯಿಂದ ತಿರುಗಿಸುತ್ತ ಬ್ಲೇಡು ಹೇಗೆ ಓಡುತ್ತದೆಂದು ನೋಡಿ. ಚಕ್ರದ ರಬ್ಬರ್ ಟೈರಿನ ನಡುವೆ ತುಸು ಉಬ್ಬಿರುತ್ತದೆ; ಅರ್ಧ ಇಂಚಿನೊಳಗಿನ ಬ್ಲೇಡಿನ ಹಲ್ಲುಬುಡದ ಕುಳಿ ಆ ಉಬ್ಬಿನ ನೆತ್ತಿಯ ಮೇಲೆ ಬರುವಂತೆ, ಚಕ್ರದ ಹಿಂದಿರುವ ಓಟದ ತಿರುಪನ್ನು ಕಾಲು ಸುತ್ತಿಗಿಂತ ಕಡಿಮೆ ಕಡಿಮೆಯಾಗಿ ತಿರುಗಿಸುತ್ತ ಹೊಂದಿಸಿ. ತಿರುಪನ್ನು ಕದಲಿಸಿದ ಮೇಲೆ ಪ್ರತಿಸಲವೂ ಚಕ್ರವನ್ನು ನಾಲ್ಕೈದು ಸುತ್ತು ಕೈಯಲ್ಲೇ ತಿರುಗಿಸಿ ನೋಡಬೇಕು, ಏಕೆಂದರೆ ಬ್ಲೇಡು ಹೊಸ ಜಾಗಕ್ಕೆ ಸರಿಯಲು ಅಷ್ಟು ಸಮಯ ತೆಗೆದುಕೊಳ್ಳುತ್ತದೆ. ಎರಡು ಚಕ್ರಗಳು ಒಂದೇ ಸಮತಲದಲ್ಲಿ ಇವೆಯೇ ಎಂದು ಪಟ್ಟಿ ಹಿಡಿದು ಪರೀಕ್ಷಿಸಿ, ಕೆಳಚಕ್ರವನ್ನೇ ಬಿಚ್ಚಿ ಸರಿಮಾಡಲು ಹೊರಡುವವರಿದ್ದಾರೆ. ಬ್ಲೇಡು ನೆತ್ತಿಯ ಮೇಲೆ ಸ್ಥಿರವಾಗಿ ನಿಲ್ಲುತ್ತಿದ್ದರೆ ಆ ಕೆಲಸಕ್ಕೆ ಕೈಹಾಕಬೇಡಿ.

ಬಿಗಿತದ ಸ್ಪ್ರಿಂಗಿನ ಪಕ್ಕದಲ್ಲಿರುವ ಅಳತೆಪಟ್ಟಿ ಅಂದಾಜಿಗೆ ಮಾತ್ರ. ಮೇಲಿನ ಗೈಡನ್ನು ಮೇಜಿನಿಂದ 150 ಮಿಲಿಮೀಟರ್ ಮೇಲಕ್ಕೆತ್ತಿ, ನಿಂತ ಬ್ಲೇಡಿನ ನಡುವನ್ನು ಬೆರಳಿನಿಂದ ಪಕ್ಕಕ್ಕೆ ಹದವಾಗಿ ಒತ್ತಿದಾಗ ಅದು ಸುಮಾರು 6 ಮಿಲಿಮೀಟರ್ ಬಾಗಿ ನಿಂತರೆ ಬಿಗಿತ ಸರಿಯಿದೆ ಎನ್ನಬಹುದು. ಇನ್ನೊಂದು ವಿಧಾನ ನನಗೆ ಹೆಚ್ಚು ಇಷ್ಟ. ಗೈಡುಗಳೆಲ್ಲ ದೂರವಿರುವಾಗಲೇ ಬಾಗಿಲುಗಳನ್ನು ಮುಚ್ಚಿ, ಪ್ಲಗ್ ಹಾಕಿ ಯಂತ್ರವನ್ನು ಓಡಿಸಿ, ಮೇಜಿನ ಬಳಿ ಬ್ಲೇಡಿನ ಅಂಚನ್ನು ಮುಂದಿನಿಂದ ನೋಡುತ್ತ ಬಿಗಿತವನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತ ಹೋದರೆ, ಒಂದು ಹಂತದಲ್ಲಿ ಬ್ಲೇಡು ತಂತಿಯಂತೆ ಕಂಪಿಸತೊಡಗುತ್ತದೆ. ಅಲ್ಲಿಂದ ಮತ್ತೆ ಬಿಗಿಯುತ್ತ ಬಂದು, ಕಂಪನ ನಿಂತ ಬಳಿಕ ಕಾಲು ಸುತ್ತು ಹೆಚ್ಚಿಗೆ ಬಿಗಿದು ಬಿಡಿ. ದಪ್ಪ ಮರದ ಸೀಳಿಗೆ ಇನ್ನೂ ಕಾಲು ಸುತ್ತು. ಕೆಲವು ಬ್ಲೇಡುಗಳು ಬೆಸುಗೆಯ ಜಾಗದಲ್ಲಿ ಸೊಟ್ಟಗಿದ್ದು, ಪ್ರತಿ ಸುತ್ತಿಗೂ ಟಕ್ ಎಂದು ಮುಂದೆ ಹಿಂದೆ ಜಿಗಿಯುತ್ತವೆ. ಅಂಥದ್ದನ್ನು ಯಾವ ಹೊಂದಾಣಿಕೆಯೂ ತಿದ್ದಲಾರದು, ಅಂಗಡಿಗೆ ಹಿಂದಿರುಗಿಸಿ.

ಬಿಗಿತವನ್ನು ಬದಲಿಸಿದಾಗಲೆಲ್ಲ ಓಟವೂ ಬದಲಾಗುತ್ತದೆ. ಆದ್ದರಿಂದ ಬಿಗಿದ ನಂತರ ಪ್ಲಗ್ ಕಿತ್ತು ಮತ್ತೊಮ್ಮೆ ನೆತ್ತಿಯನ್ನು ನೋಡಿ.

ಗೈಡುಗಳು

ಗೈಡು ಬ್ಲೇಡನ್ನು ದಾರಿಗೆ ತರುವ ಸಾಧನ ಎಂಬ ತಪ್ಪು ತಿಳಿವಳಿಕೆ ಅದರ ಹೆಸರಿನಿಂದಲೇ ಹುಟ್ಟಿಕೊಂಡಿರಬೇಕು. ಸರಿಯಾಗಿ ಓಡುತ್ತಿರುವ ಬ್ಲೇಡು ಮರದ ಒತ್ತಡಕ್ಕೆ ಸರಿಯದಂತೆ ಆಸರೆ ಕೊಡುವುದಷ್ಟೇ ಗೈಡಿನ ಕೆಲಸ. ಮೊದಲು ಹಿಂಬದಿಯ ಒತ್ತು-ಬೇರಿಂಗನ್ನು ಬ್ಲೇಡಿನ ಬೆನ್ನಿನಿಂದ 0.4 ಮಿಲಿಮೀಟರ್ ದೂರದಲ್ಲಿ ನಿಲ್ಲಿಸಿ. ಹಳೆಯ ಲಗ್ನಪತ್ರಿಕೆಯ ದಪ್ಪ ರಟ್ಟು ಈ ಅಳತೆಗೆ ಹೊಂದುತ್ತದೆ. ಬರಿದೇ ಓಡುವಾಗ ಈ ಬೇರಿಂಗ್ ತಿರುಗಬಾರದು, ಮರ ತಳ್ಳಿದಾಗ ಮಾತ್ರ ತಿರುಗಬೇಕು. ಬಳಿಕ ಪಕ್ಕದ ಗೈಡುಗಳನ್ನು ಹಲ್ಲುಬುಡದ ಕುಳಿಯಿಂದ ಒಂದು–ಒಂದೂವರೆ ಮಿಲಿಮೀಟರ್ ಹಿಂದಕ್ಕೆ ತಂದು, ಎರಡೂ ಬದಿಗೆ ಒಂದೊಂದು ಕಾಗದದ ಚೂರು ಇಟ್ಟು, ಅದು ತುಸು ಹಿಡಿದಂತೆ ಎಳೆದರೆ ಬರುವಷ್ಟು ಬಿಗಿದು, ಕಾಗದ ತೆಗೆಯಿರಿ. ಗೈಡು ಬ್ಲೇಡನ್ನು ಒಂದು ಬದಿಗೆ ಒತ್ತಿ ಬಾಗಿಸುತ್ತಿಲ್ಲವೆಂದು ಕಣ್ಣಿಟ್ಟು ನೋಡಿ. ಮೇಜಿನ ಕೆಳಗಿನ ಗೈಡಿಗೂ ಇಷ್ಟೇ ಶ್ರದ್ಧೆ ಬೇಕು. ಅದು ಕಣ್ಣಿಗೆ ಬೀಳದ್ದರಿಂದ ಹಲವರು ಅದನ್ನು ಮರೆತೇಬಿಡುತ್ತಾರೆ, ಆಮೇಲೆ ಸೀಳಿನ ಕೆಳಭಾಗ ಮಾತ್ರ ಏಕೆ ವಾಲುತ್ತಿದೆ ಎಂದು ತಲೆಕೆಡಿಸಿಕೊಳ್ಳುತ್ತಾರೆ.

ಕೊಯ್ಯುವಾಗ ಮೇಲಿನ ಗೈಡು ಮರದಿಂದ 6 ಮಿಲಿಮೀಟರಿಗಿಂತ ಹೆಚ್ಚು ಮೇಲಿರಬಾರದು. ತೆರೆದ ಬ್ಲೇಡು ಕಡಿಮೆಯಾದಷ್ಟೂ ಕೊಯ್ತ ನೇರ, ಬೆರಳುಗಳೂ ಕ್ಷೇಮ.

ಮೇಜು ಮತ್ತು ಫೆನ್ಸ್

ಮೂಲೆಮಟ್ಟವನ್ನು ಮೇಜಿನ ಮೇಲಿಟ್ಟು ಬ್ಲೇಡಿನ ಚಪ್ಪಟೆ ಬದಿಗೆ ತಾಗಿಸಿ ಮೇಜನ್ನು 90 ಡಿಗ್ರಿಗೆ ತನ್ನಿ. ಹಲ್ಲಿನ ಸೆಟ್ ಮಟ್ಟಕ್ಕೆ ತಾಗದಂತೆ ಎಚ್ಚರವಿರಲಿ. ಇದನ್ನು ಖಚಿತಪಡಿಸಿಕೊಳ್ಳಲು ಮಟ್ಟಕ್ಕಿಂತ ಒಳ್ಳೆಯ ಪರೀಕ್ಷೆಯೊಂದಿದೆ. ಚೌಕಾದ ಎತ್ತರದ ತುಂಡೊಂದರಲ್ಲಿ ಹತ್ತು ಮಿಲಿಮೀಟರ್ ಆಳಕ್ಕೆ ಗಾಯ ಮಾಡಿ, ಯಂತ್ರ ನಿಂತ ಮೇಲೆ ತುಂಡನ್ನು ತಲೆಕೆಳಗು ಮಾಡಿ ಅದೇ ಗಾಯವನ್ನು ಬ್ಲೇಡಿನ ಬೆನ್ನಿಗೆ ತೊಡಿಸಿ. ಬ್ಲೇಡು ಮೇಲಿನಿಂದ ಕೆಳಗಿನವರೆಗೆ ಸಲೀಸಾಗಿ ಒಳಹೋದರೆ ಮೇಜು ಸರಿಯಿದೆ. ವಾಲಿಕೆ ಇದ್ದರೆ ಅದು ಇಮ್ಮಡಿಯಾಗಿ ಕಾಣುವುದರಿಂದ ಕಣ್ತಪ್ಪುವುದಿಲ್ಲ. ಮೇಜಿನಡಿಯ ತಡೆಬೋಲ್ಟನ್ನು ಆ ಸ್ಥಾನಕ್ಕೆ ಬಂಧಿಸಿಬಿಡಿ.

ಫೆನ್ಸನ್ನು ಆರಂಭದಲ್ಲಿ ಮೇಜಿನ ಮೇಲೆ ಮುಂದಿನಿಂದ ಹಿಂದಕ್ಕೆ ಕೊರೆದಿರುವ ಉದ್ದನೆಯ ತೋಡಿಗೆ ಸಮಾನಾಂತರವಾಗಿ ನಿಲ್ಲಿಸಿ. ನಂತರ ಅರ್ಧ ಮೀಟರ್ ಉದ್ದದ ನೇರ ರೀಪಿಗೆ ಅಂಚಿಗೆ ಸಮನಾದ ಗೆರೆ ಎಳೆದು, ಫೆನ್ಸ್ ಇಲ್ಲದೆ ಕೈಯಲ್ಲೇ ಆ ಗೆರೆಯ ಮೇಲೆ ಅರ್ಧದವರೆಗೆ ಕೊಯ್ದು, ರೀಪು ಕದಲದಂತೆ ಹಿಡಿದು ಯಂತ್ರವನ್ನು ನಿಲ್ಲಿಸಿ. ರೀಪಿನ ಅಂಚು ಮೇಜಿನ ತೋಡಿಗೆ ಸಮಾನಾಂತರವಾಗಿದ್ದರೆ ಬ್ಲೇಡು ನೇರವಾಗಿ ಎಳೆಯುತ್ತಿದೆ. ಓರೆಯಾಗಿದ್ದರೆ ಬಹಳ ಮಂದಿ ಹೇಳಿಕೊಡುವುದು ಫೆನ್ಸನ್ನು ಆ ಓರೆಗೆ ತಿರುಗಿಸಲು. ಅದು ಕೊನೆಯ ಉಪಾಯವಾಗಿರಲಿ. ಮೊದಲು ಹಲ್ಲುಬುಡ ನೆತ್ತಿಯ ಮೇಲಿದೆಯೇ, ಬಿಗಿತ ಸಾಕೇ, ಒಂದು ಬದಿಯ ಹಲ್ಲುಗಳು ಮೊಂಡಾಗಿವೆಯೇ ಎಂದು ನೋಡಿ. ನನ್ನ ಅನುಭವದಲ್ಲಿ ಹೆಚ್ಚಿನ ಓರೆಗಳು ಇಲ್ಲೇ ಪರಿಹಾರವಾಗುತ್ತವೆ. ಉಳಿದ ಅಲ್ಪ ಓರೆಗೆ ಮೇಜಿನ ಬೋಲ್ಟು ಸಡಿಲಿಸಿ ಮೇಜನ್ನೇ ತುಸು ತಿರುಗಿಸಬಹುದು.

ಮೊದಲ ಸೀಳು

ಹೊಸ ಬ್ಲೇಡಿನ ಹಲ್ಲುಗಳ ತುದಿ ಅತಿ ಸೂಕ್ಷ್ಮವಾಗಿರುವುದರಿಂದ ಮೊದಲ ಹದಿನೈದು ನಿಮಿಷ ಅರ್ಧ ವೇಗದಲ್ಲಿ ಮರ ತಳ್ಳಬೇಕು. ತುದಿಗಳು ಮುರಿಯದೆ ನಯವಾಗಿ ಹದಗೊಂಡರೆ ಬ್ಲೇಡಿನ ಆಯುಷ್ಯ ಗಣನೀಯವಾಗಿ ಹೆಚ್ಚುತ್ತದೆ.

ದಪ್ಪ ಮರವನ್ನು ನಿಲ್ಲಿಸಿ ಸೀಳುವ ಮುನ್ನ ಒಂದು ಮುಖವನ್ನೂ ಒಂದು ಅಂಚನ್ನೂ ಉಜ್ಜುಗೊರಡಿನಿಂದ ಸಮ ಮಾಡಿ. ಸಮವಲ್ಲದ ಮುಖ ಫೆನ್ಸಿಗೆ ಒರಗಿದರೆ ಯಾವ ಯಂತ್ರವೂ ಸಮ ಹಲಗೆ ಕೊಡದು. ಫೆನ್ಸಿಗೆ ಮರದಷ್ಟೇ ಎತ್ತರದ ಹಲಗೆಯನ್ನು ಬಂಧಿಸಿ. ಕೈ ಬ್ಲೇಡಿನ ಸಾಲಿನಲ್ಲಿರದೆ ಪಕ್ಕದಲ್ಲಿರಲಿ, ಕೊನೆಯ 100 ಮಿಲಿಮೀಟರನ್ನು ತಳ್ಳುಕೋಲಿನಿಂದ ತಳ್ಳಿ. ಎಷ್ಟು ವೇಗವಾಗಿ ತಳ್ಳಬೇಕೆಂಬುದನ್ನು ಸದ್ದೇ ಕಲಿಸುತ್ತದೆ: ಮೋಟಾರಿನ ದನಿ ಇಳಿದರೆ ಅವಸರವಾಯಿತು, ಮರ ಕರಕಲು ವಾಸನೆ ಬಿಟ್ಟರೆ ನಿಧಾನವಾಯಿತು ಅಥವಾ ಬ್ಲೇಡು ಮೊಂಡಾಯಿತು. ಹಲಗೆಗೆ ಹೊಟ್ಟೆ ಬರುತ್ತಿದ್ದರೆ ಕಾರಣ ಸಾಮಾನ್ಯವಾಗಿ ಮೂರರಲ್ಲೊಂದು: ಬಿಗಿತ ಸಾಲದು, ಹಲ್ಲು ಹೆಚ್ಚಾಗಿದೆ, ಇಲ್ಲವೇ ತಳ್ಳುವ ಒತ್ತಡ ಅತಿಯಾಗಿದೆ.

ಹಸಿ ಹಲಸಿನ ಅಂಟು ಬ್ಲೇಡಿನ ಮೈಗೂ ಟೈರಿಗೂ ಮೆತ್ತಿಕೊಂಡು ಹುಡಿಯೊಡನೆ ಗಟ್ಟಿಯಾಗುತ್ತದೆ, ಅದರಿಂದ ಚಕ್ರದ ಆಕಾರವೇ ಬದಲಾದಂತಾಗಿ ಓಟ ತಪ್ಪುತ್ತದೆ. ಇಂಥ ಮರ ಕೊಯ್ದ ದಿನ ಬ್ಲೇಡು ಕಳಚಿ ಸೀಮೆಎಣ್ಣೆಯಲ್ಲಿ ತೊಳೆದು, ಟೈರನ್ನು ಮರದ ಚಕ್ಕೆಯಿಂದ ಕೆರೆದು ಬ್ರಷ್ಷಿನಿಂದ ಉಜ್ಜಿ. ಸೀಮೆಎಣ್ಣೆಯನ್ನು ರಬ್ಬರಿಗೆ ತಾಗಿಸಬೇಡಿ.

ಮಲೆನಾಡಿನ ಹಳೆಯ ಮನೆ ಬಿಚ್ಚಿದಾಗ ಸಿಗುವ ಮತ್ತಿ, ಹೊನ್ನೆಯ ತೊಲೆಗಳು ಇಂದು ಕೊಂಡರೂ ಸಿಗದಂಥವು. ಆದರೆ ಅವುಗಳೊಳಗೆ ಮುರಿದ ಮೊಳೆ ಹುದುಗಿರುತ್ತದೆ. ಬೇಲಿಸಾಲಿನ ಮರವಾದರೆ ಮುಳ್ಳುತಂತಿಯನ್ನೇ ನುಂಗಿ ಬೆಳೆದಿರುತ್ತದೆ. ಹಳೆಯ ಸ್ಪೀಕರಿನ ಬಲವಾದ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರದ ಮೈಮೇಲೆ ನಿಧಾನವಾಗಿ ಇಳಿಬಿಡುತ್ತ ಹೋಗಿ, ಎಲ್ಲಿ ದಾರ ವಾಲುತ್ತದೋ ಅಲ್ಲಿ ಉಳಿಯಿಂದ ಕೆತ್ತಿ ನೋಡಿ. ಕಪ್ಪು-ನೀಲಿ ಕಲೆ ಕಂಡಲ್ಲಿಯೂ ಕಬ್ಬಿಣವಿರುವ ಸಾಧ್ಯತೆ ಹೆಚ್ಚು. ಒಂದು ಮೊಳೆ ತಾಗಿದರೆ ಆ ಬದಿಯ ಹಲ್ಲುಗಳು ಹೋಗಿ ಬ್ಲೇಡು ಮತ್ತೊಂದು ಬದಿಗೆ ಎಳೆಯತೊಡಗುತ್ತದೆ.

ತಿರುವು ಮತ್ತು ದುಂಡುಮರ

ದೋಣಿಯ ಬಾಗಿದ ಪಕ್ಕೆಲುಬಿರಲಿ, ಕುರ್ಚಿಯ ಕೈಯಿರಲಿ, ತಿರುವು ಕೊಯ್ಯುವಾಗ ಮರವನ್ನು ತಿರುಚಬೇಡಿ, ಮುಂದೆ ತಳ್ಳುತ್ತಲೇ ತಿರುಗಿಸಿ. ಬಿಗಿಯಾದ ತಿರುವಿಗೆ ಮೊದಲು ಹೊರಗಿನಿಂದ ಗೆರೆಯ ಸಮೀಪದವರೆಗೆ ಹಲವು ನೇರ ಗಾಯಗಳನ್ನು ಮಾಡಿಕೊಂಡರೆ ಚೂರುಗಳು ತಾನಾಗಿ ಉದುರಿ ಬ್ಲೇಡಿಗೆ ಜಾಗ ಸಿಗುತ್ತದೆ. ಉದ್ದನೆಯ ಗಾಯದೊಳಗಿಂದ ಬ್ಲೇಡನ್ನು ಹಿಂದಕ್ಕೆ ತರಬೇಕಾದರೆ ಯಂತ್ರ ನಿಲ್ಲಿಸಿಯೇ ತನ್ನಿ, ಇಲ್ಲದಿದ್ದರೆ ಬ್ಲೇಡು ಚಕ್ರದಿಂದ ಜಾರಿ ಬೀಳಬಹುದು. ಬ್ಲೇಡಿನ ಬೆನ್ನಿನ ಎರಡು ಮೂಲೆಗಳನ್ನು ಸಾಣೆಕಲ್ಲಿನಿಂದ ದುಂಡಾಗಿಸಿದರೆ ತಿರುವು ಹಗುರವಾಗುತ್ತದೆ. ಹೀಗೆ ಸಾಣೆ ಹಿಡಿಯುವಾಗ ಕಿಡಿ ಹಾರುವುದರಿಂದ ಯಂತ್ರದೊಳಗಿನ ಹುಡಿಯನ್ನು ಮೊದಲೇ ಪೂರ್ತಿ ತೆಗೆದಿರಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿ ಕಾರವಾರದ ತೀರಕ್ಕೆ ಬಂದ ಗಾಳಿಮರ ಈಗ ಕರಾವಳಿಯುದ್ದಕ್ಕೂ ಕಂಬ, ಗಳಗಳಾಗಿ ಸುಲಭವಾಗಿ ಸಿಗುತ್ತದೆ. ಆ ಗಳವನ್ನಾಗಲಿ ಯಾವುದೇ ದುಂಡುಮರವನ್ನಾಗಲಿ ಬರಿಗೈಯಲ್ಲಿ ಹಿಡಿದು ಅಡ್ಡ ಕೊಯ್ಯಬೇಡಿ. ಹಲ್ಲು ಕೆಳಮುಖವಾಗಿ ಎಳೆದಾಗ ದುಂಡುಮರ ಉರುಳಿ ಕೈಯನ್ನು ಬ್ಲೇಡಿನೊಳಕ್ಕೆ ಸೆಳೆಯುತ್ತದೆ. ಎರಡು ಓರೆ ಹಲಗೆ ಸೇರಿಸಿದ ತೊಟ್ಟಿಲಿನಂಥ ಆಸರೆಯಲ್ಲಿ ಮರವನ್ನು ಕ್ಲಾಂಪಿನಿಂದ ಕಟ್ಟಿಯೇ ಕೊಯ್ಯಬೇಕು. ಅಕೇಶಿಯಾ, ಸಾಗವಾನಿಗಳ ಹುಡಿ ಕೆಲವರಿಗೆ ಉಬ್ಬಸವನ್ನೂ ಚರ್ಮದ ತುರಿಕೆಯನ್ನೂ ತರುತ್ತದೆ. ಎನ್95 ಮಾಸ್ಕು ಹಾಕಿಕೊಳ್ಳಿ.

ಮಳೆಗಾಲದಲ್ಲಿ

ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುವ ಈ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಂತ್ರಕ್ಕೆ ಬೇರೆಯೇ ಆರೈಕೆ ಬೇಕು. ಸಂಜೆ ಕೆಲಸ ಮುಗಿದ ಮೇಲೆ ಬ್ಲೇಡಿನ ಬಿಗಿತವನ್ನು ಸಡಿಲಿಸಿ, ‘ಬಿಗಿತ ಇಳಿಸಿದೆ’ ಎಂಬ ರಟ್ಟನ್ನು ಸ್ವಿಚ್ಚಿಗೆ ತೂಗುಹಾಕಿ. ಬಿಗಿದೇ ಬಿಟ್ಟರೆ ಟೈರಿನಲ್ಲಿ ತಗ್ಗು ಬೀಳುತ್ತದೆ, ಸ್ಪ್ರಿಂಗೂ ಸೋಲುತ್ತದೆ. ಕೆಳಚಕ್ರದ ಪೆಟ್ಟಿಗೆಯಲ್ಲಿ ಉಳಿದ ಹುಡಿ ತೇವ ಹೀರಿ ಕಬ್ಬಿಣಕ್ಕೆ ಒದ್ದೆ ಬಟ್ಟೆ ಸುತ್ತಿದಂತಾಗುವುದರಿಂದ ದಿನವೂ ಗುಡಿಸಿ. ಮೇಜಿಗೆ ವಾರಕ್ಕೊಮ್ಮೆ ಮೇಣ ಹಚ್ಚಿ. ಕೈಗೆ ಸಿಗುತ್ತದೆಂದು ಕೊಬ್ಬರಿ ಎಣ್ಣೆ ಬಳಿದರೆ ಅದು ಮರಕ್ಕೆ ಕಲೆಯಾಗಿ ಅಂಟಿ, ಮುಂದೆ ಪಾಲಿಶ್ ಹಿಡಿಯದು. ಯಂತ್ರಕ್ಕೆ ಪ್ಲಾಸ್ಟಿಕ್ ಹೊದಿಸಿದರೆ ಒಳಗೆ ಬೆವರಿ ತುಕ್ಕು ಹೆಚ್ಚುತ್ತದೆ; ಹಳೆಯ ಹತ್ತಿ ಚಾದರ ಉತ್ತಮ.

ಮಳೆಗಾಲದಲ್ಲಿ ತೆರೆದ ಶೆಡ್ಡಿನಲ್ಲಿಟ್ಟ ಮರದ ತೇವಾಂಶ 18 ಪ್ರತಿಶತದ ಸುತ್ತ ನಿಲ್ಲುತ್ತದೆ. ಆಗ ಸೀಳಿದ ತೆಳು ಹಲಗೆ ಬೇಸಿಗೆಯಲ್ಲಿ ಸೊಟ್ಟಗಾಗುವುದರಿಂದ, ಬೇಕಾದ ದಪ್ಪಕ್ಕಿಂತ 3–4 ಮಿಲಿಮೀಟರ್ ಹೆಚ್ಚಿಗೆ ಸೀಳಿ, ನಡುವೆ ಒಂದೇ ದಪ್ಪದ ರೀಪುಗಳನ್ನಿಟ್ಟು, ಮೇಲೆ ಭಾರ ಹೇರಿ ಒಣಗಲು ಬಿಡಿ. ಕಳಚಿದ ಬ್ಲೇಡುಗಳಿಗೆ ಯಂತ್ರದ ಎಣ್ಣೆಯ ಬಟ್ಟೆ ಒರೆಸಿ, ಮೂರು ಸುತ್ತಿನ ಸುರುಳಿ ಮಾಡಿ ಗೋಡೆಯ ಮರದ ಗೂಟಕ್ಕೆ ತೂಗುಹಾಕಿ. ಪ್ರತಿಯೊಂದಕ್ಕೂ ಅಗಲ, ಹಲ್ಲಿನ ಸಂಖ್ಯೆ, ಹಾಕಿದ ತಾರೀಖು ಮತ್ತು ಕೊನೆಯದಾಗಿ ಕೊಯ್ದ ಮರದ ಹೆಸರು ಬರೆದ ಚೀಟಿ ಕಟ್ಟಿದ್ದರೆ, ಮುಂದಿನ ಸಲ ಅದನ್ನು ಏರಿಸುವಾಗ ಬಿಗಿತದಿಂದ ಶುರುಮಾಡಬೇಕೋ ಹಲ್ಲು ಹರಿತಗೊಳಿಸುವುದರಿಂದಲೋ ಎಂಬುದು ಚೀಟಿಯಿಂದಲೇ ತಿಳಿಯುತ್ತದೆ.